ಮನೆಯವರೆಲ್ಲ ಸೇರಿ ಕ್ರಿಸ್‌ಮಸ್ ಅಲಂಕಾರ: ಅಂಗಡಿಯಿಂದ ತರದೆ ಏನೇನು ಮಾಡಬಹುದು?

ಲಿಂಗರಾಜಪುರದ ತಾಯಿ
ನವೆಂಬರ್ 29, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾಳೆ ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲದ, ಮೊದಲ ಭಾನುವಾರ. ಈ ಸಲ ನಕ್ಷತ್ರ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿರೂಪ), ತೋರಣ ಯಾವುದನ್ನೂ ಸಿದ್ಧವಾಗಿ ಕೊಳ್ಳದೆ ಮನೆಯಲ್ಲೇ ಮಾಡೋಣ ಎಂದು ತೀರ್ಮಾನಿಸಿದ್ದೇವೆ. ನಾವು ಐದು ಜನ. ಮಗಳಿಗೆ 9 ವರ್ಷ, ಮಗನಿಗೆ 5. ಅತ್ತೆಗೆ 71. ಅವರ ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದು ಕಣ್ಣು ಮಸುಕು. ಯಜಮಾನರು ಕೆಲಸದಿಂದ ಬರುವಾಗ ರಾತ್ರಿ ಎಂಟಾಗುತ್ತದೆ. ಎರಡನೇ ಮಹಡಿಯ ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಬಾಲ್ಕನಿಯ ಸರಳಿಗೆ ಏನನ್ನಾದರೂ ಕಟ್ಟಬಹುದು.

ಕೇಳುವುದಕ್ಕೆ ಒಂದು ಕಾರಣವಿದೆ. ಕಳೆದ ವರ್ಷ ಮಕ್ಕಳಿಬ್ಬರೂ ಕಾಗದದ ಸರಪಳಿ ಮಾಡಿದ್ದರು. ಒಂದು ಕೆಂಪು ಬಳೆ, ಒಂದು ಹಸಿರು ಬಳೆ ಎಂದು ಚೆನ್ನಾಗಿ ಶುರುವಾಗಿತ್ತು. ನಡುವೆ ಮಗ ಐದು ಕೆಂಪು ಬಳೆಗಳನ್ನು ಒಟ್ಟಿಗೆ ಸೇರಿಸಿಬಿಟ್ಟಿದ್ದ. ಅವರು ಮಲಗಿದ ಮೇಲೆ ನಾನು ಅಷ್ಟನ್ನೂ ಬಿಚ್ಚಿ, ಬಣ್ಣ ಸರಿಯಾಗಿ ಹೊಂದಿಸಿ, ಮತ್ತೆ ಅಂಟಿಸಿದೆ. ಬೆಳಿಗ್ಗೆ ಎದ್ದವನು ಸರಪಳಿಯ ಕೆಳಗೆ ನಿಂತು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಅಮ್ಮಾ, ನನ್ನ ಬಸ್ಸು ಎಲ್ಲಿ?" ಎಂದು ಕೇಳಿದ. ಆ ಐದು ಕೆಂಪು ಬಳೆಗಳು ಅವನಿಗೆ ಬಸ್ಸಾಗಿದ್ದವು. ನನಗೆ ಅದು ಹೊಳೆದೇ ಇರಲಿಲ್ಲ. ಆ ಮಾತು ಇನ್ನೂ ನನ್ನ ಎದೆಯಲ್ಲಿ ಕುಳಿತಿದೆ.

ಈ ಸಲ ಪ್ರತಿಯೊಬ್ಬರ ಕೈಗೂ ನಿಜವಾದ ಒಂದು ಕೆಲಸ ಇರಬೇಕು, ಅವರು ಮಾಡಿದ್ದು ಹಾಗೆಯೇ ಗೋಡೆಯ ಮೇಲೆ ಉಳಿಯಬೇಕು. ಮುಖ್ಯವಾಗಿ ನಕ್ಷತ್ರ ಮಾಡುವುದನ್ನು ತಿಳಿದವರು ಹೇಳಿಕೊಡಿ. 600 ರೂಪಾಯಿಯೊಳಗೆ ಎಲ್ಲವೂ ಮುಗಿಯಬೇಕು.

ಬಿದಿರ ದಬ್ಬೆ
ನವೆಂಬರ್ 30, ಬೆಳಿಗ್ಗೆ 6:15

ತಾಯಿ, ನಕ್ಷತ್ರದ ವಿಷಯ ನನಗೆ ಬಿಡಿ. ನಲವತ್ತು ವರ್ಷದಿಂದ ನಮ್ಮ ಬೀದಿಗೆ ಕಟ್ಟುತ್ತಾ ಬಂದಿದ್ದೇನೆ. ನಿಧಾನವಾಗಿ ಓದಿಕೊಳ್ಳಿ.

ಬಿದಿರ ದಬ್ಬೆ ಬೇಕು, ಒಂದೊಂದು 60 ಸೆಂಟಿಮೀಟರ್ ಉದ್ದ, ಹತ್ತು. ಬೆಂಗಳೂರಿನ ದಂಡು ರೈಲು ನಿಲ್ದಾಣದ ಹತ್ತಿರ ಬಂಬೂ ಬಜಾರ್ ಇದೆಯಲ್ಲ, ಅಲ್ಲಿ ಒಂದು ಬಿದಿರು ಕೊಂಡು ಸೀಳಿಸಿಕೊಂಡರೆ ಮೂರು ನಕ್ಷತ್ರಕ್ಕಾಗುವಷ್ಟು ಸಿಗುತ್ತದೆ. ದಬ್ಬೆ ಕಿರುಬೆರಳಿಗಿಂತ ಸಣ್ಣ ಇರಬೇಕು, ಬಗ್ಗಿಸಿದರೆ ಬಗ್ಗಬೇಕು. ಗಿಣ್ಣು ಇರುವ ಕಡೆ ಮುರಿಯುತ್ತದೆ, ನೋಡಿ ಆರಿಸಿ. ಮನೆಗೆ ತಂದ ಮೇಲೆ ಅಂಚನ್ನು ಉಪ್ಪು ಕಾಗದದಿಂದ ಚೆನ್ನಾಗಿ ಉಜ್ಜಿ. ಬಿದಿರಿನ ಸಿಬಿರು ಮಕ್ಕಳ ಬೆರಳಿಗೆ ಚುಚ್ಚಿದರೆ ಆ ಸಂಜೆಯ ಸಂತೋಷವೆಲ್ಲ ಹೋಯಿತು.

ಈಗ ಅಳತೆ. ಪ್ರತಿ ದಬ್ಬೆಯಲ್ಲೂ ಎರಡು ತುದಿಯಿಂದ 23 ಸೆಂಟಿಮೀಟರ್‌ಗೆ ಒಂದೊಂದು ಗುರುತು ಹಾಕಿ. ನಡುವೆ 14 ಉಳಿಯುತ್ತದೆ. ಆ ಗುರುತುಗಳಲ್ಲೇ ದಬ್ಬೆಗಳು ಒಂದನ್ನೊಂದು ದಾಟಬೇಕು. ಇದೊಂದನ್ನು ಹಿಡಿದುಕೊಂಡರೆ ನಕ್ಷತ್ರದ ಐದು ಮೂಲೆಗಳೂ ಸಮನಾಗಿ ಬರುತ್ತವೆ. ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ, ರಂಗೋಲಿಯಲ್ಲಿ ಹಾಕುವ ಹಾಗೆ, ಕೈ ಎತ್ತದೆ ಐದು ಗೆರೆಯ ನಕ್ಷತ್ರ ಬರೆಯಿರಿ. ಅದರ ಮೇಲೆ ಐದು ದಬ್ಬೆ ಇಟ್ಟು, ಒಂದರ ಮೇಲೆ ಒಂದರ ಕೆಳಗೆ ಎಂದು ಹೆಣೆದು, ತುದಿಗಳನ್ನು ದಾರದಿಂದ ಕಟ್ಟಿ. ಇದೇ ರೀತಿ ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಇಟ್ಟು ಐದು ತುದಿಗಳಲ್ಲಿ ಮಾತ್ರ ಬಿಗಿಯಾಗಿ ಸೇರಿಸಿ ಕಟ್ಟಿ. ಕೊನೆಗೆ 10 ಸೆಂಟಿಮೀಟರ್ ಉದ್ದದ ಐದು ತುಂಡುಗಳನ್ನು ಒಳಗಿನ ಐದು ಕೂಡುಗಳಲ್ಲಿ ಎರಡು ಚೌಕಟ್ಟುಗಳ ನಡುವೆ ಊರುಗೋಲಿನಂತೆ ನಿಲ್ಲಿಸಿ. ಚಪ್ಪಟೆಯಾಗಿದ್ದ ನಕ್ಷತ್ರ ಹೊಟ್ಟೆ ಉಬ್ಬಿಸಿಕೊಂಡು ಎದ್ದು ನಿಲ್ಲುತ್ತದೆ. ಆ ಹೊತ್ತಿಗೆ ಮಕ್ಕಳು ಪಕ್ಕದಲ್ಲಿರಲಿ. ಅದನ್ನು ನೋಡದೆ ಹೋದರೆ ಅರ್ಧ ಹಬ್ಬ ತಪ್ಪಿದ ಹಾಗೆ.

ಆ ಐದು ತುಂಡುಗಳನ್ನು ಜೀರುಗಂಟಿನಲ್ಲಿ ಕಟ್ಟಿ, ಗಟ್ಟಿಗಂಟು ಬೇಡ. ಜನವರಿಯಲ್ಲಿ ಎಳೆದು ತೆಗೆದರೆ ನಕ್ಷತ್ರ ಮಡಚಿಕೊಂಡು ಮಂಚದ ಕೆಳಗೆ ಹಿಡಿಯುತ್ತದೆ.

ರಟ್ಟು ಕಟ್ಟುವವರ ಮಗಳು
ನವೆಂಬರ್ 30, ಬೆಳಿಗ್ಗೆ 10:02

ನಕ್ಷತ್ರಕ್ಕೆ ಹಚ್ಚುವ ಕಾಗದದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ತಂದೆಯವರದು ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ. ಹೊಳಪಿನ ದಪ್ಪ ಕಾಗದ ತರಬೇಡಿ, ಬೆಳಕು ಹೊರಗೆ ಬರುವುದಿಲ್ಲ, ಮೂಲೆಗಳಲ್ಲಿ ಬಿರುಕು ಬಿಡುತ್ತದೆ. ಗಾಳಿಪಟದ ಕಾಗದ ತನ್ನಿ. ಹಗುರ, ಬೆಳಕು ಹಾಯ್ದು ಬರುತ್ತದೆ, ಐದು ವರ್ಷದ ಮಗುವೂ ಅಂಟಿಸಬಹುದು. ಒಂದು ಗುಟ್ಟು: ಅಂಟು ಒಣಗಿದ ಮೇಲೆ ಒದ್ದೆ ಬಟ್ಟೆಯನ್ನು ಹಿಂಡಿ ಕಾಗದದ ಮೇಲೆ ಹಗುರಾಗಿ ಒತ್ತಿ ಬಿಡಿ. ಒಣಗುವಾಗ ಕಾಗದ ಬಿಗಿದುಕೊಂಡು ಸುಕ್ಕೆಲ್ಲ ಹೋಗುತ್ತದೆ. ಆದರೆ ಅಗ್ಗದ ಕಾಗದ ಬಣ್ಣ ಬಿಡುತ್ತದೆ, ಮೊದಲು ಒಂದು ತುಂಡಿನ ಮೇಲೆ ಪರೀಕ್ಷೆ ಮಾಡಿ.

ಅಂಟು ಮನೆಯಲ್ಲೇ ಆಗುತ್ತದೆ. ಎರಡು ದೊಡ್ಡ ಚಮಚ ಮೈದಾ, ಒಂದು ಲೋಟ ತಣ್ಣೀರು. ತಣ್ಣಗಿರುವಾಗಲೇ ಗಂಟಿಲ್ಲದಂತೆ ಕದಡಿ, ಆಮೇಲೆ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಬಿಳಿ ಹೋಗಿ ಗಂಜಿಯ ಹಾಗೆ ಹೊಳೆಯಲು ಶುರುವಾದಾಗ ಇಳಿಸಿ. ರಟ್ಟು ಕಟ್ಟುವವರು ಹುಳ ಬೀಳದಿರಲಿ ಎಂದು ಇದಕ್ಕೆ ಮೈಲುತುತ್ತ ಬೆರೆಸುತ್ತಾರೆ. ಯಾರಾದರೂ ಹಿರಿಯರು ನಿಮಗೂ ಹೇಳಿಯಾರು, ದಯವಿಟ್ಟು ಹಾಕಬೇಡಿ. ಅದು ವಿಷ. ಮಕ್ಕಳು ಬೆರಳನ್ನು ಬಾಯಿಗೆ ಇಟ್ಟುಕೊಳ್ಳುತ್ತಾರೆ. ಮೈಲುತುತ್ತವಿಲ್ಲದ ಅಂಟು ಎರಡು ದಿನ ಇರುತ್ತದೆ, ಸಾಕಷ್ಟಾಯಿತು.

ವೈರಿಂಗ್ ಕೆಲಸದವರು
ನವೆಂಬರ್ 30, ಮಧ್ಯಾಹ್ನ 1:30

ನಕ್ಷತ್ರದೊಳಗೆ ಹಳೆಯ ತಂತಿಯ ಬಲ್ಬ್ ಹಾಕಬೇಡಿ. 40 ವ್ಯಾಟ್ ಬಲ್ಬ್ ಅರ್ಧ ಗಂಟೆಯಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ, ಗಾಳಿಗೆ ಕಾಗದ ತಗುಲಿದರೆ ಕರಕಲಾಗುತ್ತದೆ. 3 ವ್ಯಾಟ್‌ನ ಎಲ್ಇಡಿ ಬಲ್ಬ್ ಸಾಕು. ಹಳದಿ ಬೆಳಕಿನದನ್ನು ತೆಗೆದುಕೊಳ್ಳಿ, ಕೆಂಪು ಕಾಗದದೊಳಗೆ ಅದೇ ಚೆಂದ. ನಕ್ಷತ್ರದ ಭಾರ ವೈರಿನ ಮೇಲೆ ಬೀಳಬಾರದು, ಬೇರೆ ಹಗ್ಗದಲ್ಲಿ ನೇತುಹಾಕಿ. ಬಾಲ್ಕನಿಯಲ್ಲಿ ವೈರಿನ ಜೋಡಣೆ ಬೇಡವೇ ಬೇಡ. ಡಿಸೆಂಬರ್‌ನಲ್ಲೂ ಚಂಡಮಾರುತದ ಮಳೆ ಬರುವುದುಂಟು. ಹೋಲ್ಡರಿನಿಂದ ಪ್ಲಗ್ಗಿನವರೆಗೆ ಒಂದೇ ವೈರು ಇರಲಿ. ಗೋದಲಿಗೆ ಹಿಮವೆಂದು ಹತ್ತಿ ಹರಡುವವರಿಗೂ ಇದೇ ಮಾತು, ಹತ್ತಿಯ ಹತ್ತಿರ ಬಿಸಿಯಾಗುವ ಯಾವುದೂ ಬೇಡ.

ಲಿಂಗರಾಜಪುರದ ತಾಯಿ
ನವೆಂಬರ್ 30, ರಾತ್ರಿ 9:05

ಎಲ್ಲರಿಗೂ ಕೈ ಮುಗಿಯುತ್ತೇನೆ. ಬಿದಿರ ದಬ್ಬೆಯವರ ಬರಹವನ್ನು ಯಜಮಾನರಿಗೆ ಎರಡು ಸಲ ಓದಿ ಹೇಳಿದೆ. 23 ಸೆಂಟಿಮೀಟರ್ ಗುರುತು ಹಾಕುವ ಕೆಲಸ ತನ್ನದು ಎಂದು ಮಗಳು ಈಗಲೇ ಹೇಳಿಬಿಟ್ಟಿದ್ದಾಳೆ. ಚೌಕಟ್ಟು ಯಜಮಾನರದು, ಕಾಗದ ಮಗನದು. ಅತ್ತೆಗೆ ಏನು ಕೊಡಲಿ ಎಂಬುದೇ ತಿಳಿಯುತ್ತಿಲ್ಲ. ಕತ್ತರಿ ಹಿಡಿದರೆ ಗೆರೆ ಕಾಣುವುದಿಲ್ಲ ಎನ್ನುತ್ತಾರೆ. "ನಾನು ನೋಡುತ್ತಾ ಕೂರುತ್ತೇನೆ ಬಿಡು" ಎನ್ನುತ್ತಾರೆ, ಆದರೆ ನೋಡುವುದೇ ಅವರಿಗೆ ಕಷ್ಟವಾಗಿರುವುದು.

ಚಿತ್ರಕಲಾ ಶಿಕ್ಷಕ
ಡಿಸೆಂಬರ್ 1, ಬೆಳಿಗ್ಗೆ 7:20

ಸರಪಳಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ತಾಯಿ ರಾತ್ರಿ ಬಿಚ್ಚಿದ್ದು ಸರಿಯಲ್ಲ, ಒಪ್ಪುತ್ತೇನೆ. ಆದರೆ "ಮಕ್ಕಳು ಹೇಗೆ ಮಾಡಿದರೂ ಸರಿ" ಎನ್ನುವುದೂ ಮಕ್ಕಳಿಗೆ ಗೌರವ ಕೊಟ್ಟಂತಲ್ಲ. ಇಪ್ಪತ್ತು ವರ್ಷ ಪಾಠ ಮಾಡಿ ಕಂಡದ್ದು ಇದು: ಅಳತೆ ಸರಿಯಾಗಿ ಕೂಡಿಬಂದಾಗ ಮಕ್ಕಳ ಮುಖ ಅರಳುವಷ್ಟು ಬೇರೆ ಯಾವುದಕ್ಕೂ ಅರಳುವುದಿಲ್ಲ. ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರವನ್ನೇ ತೆಗೆದುಕೊಳ್ಳಿ. ಅನೇಕ ಮೊನೆಗಳಿರುವ ಮೊರಾವಿಯನ್ ನಕ್ಷತ್ರ ಹುಟ್ಟಿದ್ದು 1830ರ ದಶಕದಲ್ಲಿ, ಜರ್ಮನಿಯ ನೀಸ್ಕಿ ಎಂಬ ಊರಿನ ಶಾಲೆಯಲ್ಲಿ, ರೇಖಾಗಣಿತದ ಪಾಠವಾಗಿ. ಹುಡುಗರು ಮಡಚಿ ಕಲಿತ ಗಣಿತವೇ ಮನೆಮನೆಯ ದೀಪವಾಯಿತು. ಆದ್ದರಿಂದ ಒಂಬತ್ತು ವರ್ಷದ ಮಗಳಿಗೆ ಅಳತೆಪಟ್ಟಿ ಕೊಡಿ, ತಪ್ಪಿದರೆ ತಪ್ಪಾಗಿದೆ ಎಂದು ಹೇಳಿ, ಅವಳೇ ತಿದ್ದಲಿ. ಐದರ ಮಗನಿಗೆ ಅಳತೆಯೇ ಬೇಡದ ಕೆಲಸ ಕೊಡಿ. ವಯಸ್ಸು ನೋಡಿ ಕೆಲಸ ಹಂಚಿದರೆ ರಾತ್ರಿ ಎದ್ದು ತಿದ್ದುವ ಪ್ರಸಂಗವೇ ಬರುವುದಿಲ್ಲ.

ಹಲಸೂರಿನ ಓದುಗಳು
ಡಿಸೆಂಬರ್ 1, ಬೆಳಿಗ್ಗೆ 11:48

ಶಿಕ್ಷಕರೇ, ನಿಮ್ಮ ಮಾತಿನಲ್ಲಿ ಹುರುಳಿದೆ, ಆದರೆ ತಿದ್ದಿಸಿಕೊಂಡ ಮಗುವಿನ ಕಡೆಯಿಂದ ಒಂದು ಮಾತು. ನನಗೆ ಏಳು ವರ್ಷವಿದ್ದಾಗ ಗೋದಲಿಗೆಂದು ಮಣ್ಣಿನಲ್ಲಿ ಒಂದು ಕುರಿ ಮಾಡಿದ್ದೆ. ಚೆನ್ನಾಗಿಲ್ಲವೆಂದು ನಮ್ಮ ದೊಡ್ಡಪ್ಪ ಅದನ್ನು ಹಿಂದಕ್ಕೆ ಸರಿಸಿ, ಮುಂದೆ ಅಂಗಡಿಯ ಕುರಿ ಇಟ್ಟರು. ಯಾರೂ ಬೈಯಲಿಲ್ಲ. ಆದರೂ ಮರುವರ್ಷ ನಾನು ಮಣ್ಣು ಮುಟ್ಟಲಿಲ್ಲ, ಅದಾದ ಮೇಲೆಯೂ ಮುಟ್ಟಲಿಲ್ಲ. ಈಗ ನನಗೆ 34. ತಾಯಿ, ಮಗ ಈ ಸಲವೂ ಬಸ್ಸು ಮಾಡಿದರೆ ಎಲ್ಲರಿಗೂ ಕಾಣುವ ಕಡೆ, ಬಾಗಿಲ ಮೇಲೆಯೇ ಕಟ್ಟಿ.

ಚಿತ್ರಕಲಾ ಶಿಕ್ಷಕ
ಡಿಸೆಂಬರ್ 1, ಸಂಜೆ 5:10

ನಿಮ್ಮ ಕುರಿಯ ಕಥೆ ಓದಿ ಸಂಕಟವಾಯಿತು. ತಿದ್ದುವುದು ಬೇರೆ, ಹಿಂದಕ್ಕೆ ಸರಿಸುವುದು ಬೇರೆ. ನಾನು ಹೇಳಿದ್ದು ಮೊದಲನೆಯದನ್ನು. ಮಣ್ಣನ್ನು ಮತ್ತೆ ಮುಟ್ಟಿ ನೋಡಿ, 34 ಏನೂ ತಡವಲ್ಲ. ಪಾಟರಿ ಟೌನ್‌ನ ಕುಂಬಾರರ ಬಳಿ ಹದ ಮಾಡಿದ ಮಣ್ಣು ಕೇಳಿದರೆ ಕೊಡುತ್ತಾರೆ, ನಾನು ಶಾಲೆಗೆ ಅಲ್ಲಿಂದಲೇ ತರುವುದು.

ಕುಸ್ವಾರ್ ಡಬ್ಬಿ
ಡಿಸೆಂಬರ್ 2, ರಾತ್ರಿ 8:33

ನಾನು ಮಂಗಳೂರಿನವಳು, ಬೆಂಗಳೂರಿಗೆ ಬಂದು ಹದಿನಾರು ವರ್ಷ. ಗೋದಲಿಯ ಬಗ್ಗೆ ಯಾರೂ ಬರೆದಿಲ್ಲವೆಂದು ನಾನು ಬರೆಯುತ್ತಿದ್ದೇನೆ.

ದೊಡ್ಡ ಗುಡ್ಡ, ಜಲಪಾತ, ತಿರುಗುವ ದೀಪ ಇವೆಲ್ಲ ಇರಲೇಬೇಕೆಂದಿಲ್ಲ. ಸಂತ ಫ್ರಾನ್ಸಿಸ್ ಅಸ್ಸೀಸಿಯವರು 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಮೊದಲ ಗೋದಲಿ ಏರ್ಪಡಿಸಿದಾಗ ಬೊಂಬೆಗಳೇ ಇರಲಿಲ್ಲ. ಮೇವಿನ ತೊಟ್ಟಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ, ಅಷ್ಟೇ. ಊರಿನ ಜನ ದೀಪ ಹಿಡಿದು ಬಂದು ನೋಡಿದರು. ಹುಲ್ಲು ಮತ್ತು ತೊಟ್ಟಿ ಇದ್ದರೆ ಗೋದಲಿ ಆಯಿತು ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದರು.

ನಮ್ಮ ಕಡೆ ಗೋದಲಿಯ ಹಸಿರಿಗೆ ಧಾನ್ಯ ಬಿತ್ತುತ್ತಾರೆ. ಇಲ್ಲಿ ನಾನು ರಾಗಿ ಬಿತ್ತುತ್ತೇನೆ. ಡಿಸೆಂಬರ್ 12ರ ರಾತ್ರಿ ಒಂದು ಹಿಡಿ ರಾಗಿ ನೆನೆಸಿ, ಮಾರನೆಯ ದಿನ ಅಗಲ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ, ಕಾಳು ಒತ್ತೊತ್ತಾಗಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ನೀರನ್ನು ಕೈಯಿಂದ ಚಿಮುಕಿಸಬೇಕು, ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಓಡುತ್ತದೆ. ಬೆಂಗಳೂರಿನ ಚಳಿಗೆ ಮೊಳಕೆ ಕರಾವಳಿಗಿಂತ ಒಂದೆರಡು ದಿನ ತಡ. ಆ ತಟ್ಟೆಯನ್ನು ಐದು ವರ್ಷದ ಮಗನ ವಶಕ್ಕೆ ಕೊಟ್ಟುಬಿಡಿ. ಹಬ್ಬದ ಹೊತ್ತಿಗೆ ಎರಡು ಬೆರಳು ಎತ್ತರದ ಎಳೆ ಹಸಿರು ಗದ್ದೆ. ಅದರ ನಡುವೆ ಬಾಲ ಯೇಸುವಿನ ತೊಟ್ಟಿ ಇಟ್ಟರೆ ಬೇರೆ ಅಲಂಕಾರವೇ ಬೇಡ. ಸೂರಿಗೆ ಅಡಿಕೆ ಹಾಳೆ. ಒಂದು ಗಂಟೆ ನೀರಿನಲ್ಲಿ ನೆನೆಸಿದರೆ ಹೇಳಿದಂತೆ ಕೇಳುತ್ತದೆ, ಕತ್ತರಿಯಲ್ಲೇ ಕತ್ತರಿಸಬಹುದು.

ತೊಟ್ಟಿಯನ್ನು ಖಾಲಿ ಇಟ್ಟು, 24ರ ರಾತ್ರಿ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದ ಮೇಲೆ ಮನೆಯ ಅತಿ ಚಿಕ್ಕವರ ಕೈಯಿಂದ ಶಿಶುವನ್ನು ಇಡಿಸುವುದು ನಮ್ಮ ಮನೆಯ ಪದ್ಧತಿ.

ಬಸವನಗುಡಿಯ ಗೊಂಬೆ ಮನೆ
ಡಿಸೆಂಬರ್ 3, ಬೆಳಿಗ್ಗೆ 9:15

ನಾವು ಕ್ರಿಸ್‌ಮಸ್ ಆಚರಿಸುವವರಲ್ಲ, ದಸರೆಗೆ ಗೊಂಬೆ ಕೂರಿಸುವವರು. ಆದರೂ ಈ ಮಾತುಕತೆ ಓದಿ ಸುಮ್ಮನಿರಲಾಗಲಿಲ್ಲ. ನಮ್ಮ ಮೇಲಿನ ಮನೆಯಲ್ಲಿ ಒಂದು ಕ್ರೈಸ್ತ ಕುಟುಂಬವಿದೆ. ನಮ್ಮ ಗೊಂಬೆ ಪೆಟ್ಟಿಗೆಯಿಂದ ಹಸು, ಕರು, ಕುರಿ ಕಾಯುವ ಹುಡುಗ, ಮಣ್ಣಿನ ಬಾವಿ ಇವು ಪ್ರತಿ ಡಿಸೆಂಬರ್‌ನಲ್ಲಿ ಅವರ ಗೋದಲಿಗೆ ಹೋಗುತ್ತವೆ. ಅವರ ಮನೆಯ ಸಣ್ಣ ದೀಪದ ಮಾಲೆ ನವರಾತ್ರಿಗೆ ನಮ್ಮ ಮೆಟ್ಟಿಲಿಗೆ ಬರುತ್ತದೆ. ನಮ್ಮ ಅತ್ತೆಯವರ ಕಾಲದಿಂದ ನಡೆದು ಬಂದದ್ದು. ತಾಯಿ, ನಿಮ್ಮ ಪಕ್ಕದಲ್ಲಿ ಗೊಂಬೆ ಕೂರಿಸುವವರಿದ್ದರೆ ಸಂಕೋಚಪಡದೆ ಕೇಳಿ. ವರ್ಷದಲ್ಲಿ ಹತ್ತು ದಿನ ಮಾತ್ರ ಬೆಳಕು ಕಾಣುವ ಗೊಂಬೆಗಳು ಇನ್ನೊಂದಷ್ಟು ದಿನ ಹೊರಗಿರಲಿ.

ಇನ್ನೊಂದು. ನಿಮ್ಮ ಅತ್ತೆಯವರಿಗೆ ಹೂ ಕಟ್ಟಲು ಬರುತ್ತದೆಯೇ?

ಲಿಂಗರಾಜಪುರದ ತಾಯಿ
ಡಿಸೆಂಬರ್ 3, ಬೆಳಿಗ್ಗೆ 9:52

ಬರುತ್ತದೆ! ಮದುವೆಗೆ ಮುಂಚೆ ಅವರ ತವರಿನಲ್ಲಿ ದಿನವೂ ಮೊಳಗಟ್ಟಲೆ ಮಲ್ಲಿಗೆ ಕಟ್ಟುತ್ತಿದ್ದರಂತೆ. ಯಾಕೆ ಕೇಳಿದಿರಿ?

ಬಸವನಗುಡಿಯ ಗೊಂಬೆ ಮನೆ
ಡಿಸೆಂಬರ್ 3, ಬೆಳಿಗ್ಗೆ 10:20

ಹೂ ಕಟ್ಟುವುದಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು. ನಮ್ಮ ತಾಯಿ ಟಿವಿ ನೋಡುತ್ತಲೇ ಕಟ್ಟುತ್ತಿದ್ದರು, ಒಂದು ಸಲವೂ ತಲೆ ಬಗ್ಗಿಸುತ್ತಿರಲಿಲ್ಲ. ಮನೆಯ ತೋರಣವನ್ನು ಅವರಿಗೇ ಬಿಡಿ. ಬಾಳೆ ನಾರು ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಸಿಗುತ್ತದೆ. ಒದ್ದೆ ಮಾಡಿಕೊಂಡು ಕಟ್ಟಿದರೆ ಹಿಡಿತ ಚೆನ್ನಾಗಿರುತ್ತದೆ.

ಮರದ ಕೆಳಗೆ
ಡಿಸೆಂಬರ್ 3, ಮಧ್ಯಾಹ್ನ 2:41

ತೋರಣಕ್ಕೆ ಏನು ಕಟ್ಟುವುದೆಂದು ನಾನು ಹೇಳುತ್ತೇನೆ: ಸಿಲ್ವರ್ ಓಕ್ ಎಲೆ. ಬೆಂಗಳೂರಿನ ಹಳೆಯ ಬಡಾವಣೆಗಳ ರಸ್ತೆಬದಿಯಲ್ಲಿ ನೋಡಿದ್ದೀರಿ, ಜರೀಗಿಡದ ಹಾಗೆ ಸೀಳುಸೀಳಾದ ಎಲೆ. ಮೇಲ್ಭಾಗ ಹಸಿರು, ತಿರುಗಿಸಿದರೆ ಬೆಳ್ಳಿ. ಬಣ್ಣ ಬಳಿಯಬೇಕಿಲ್ಲ, ಮಿರುಗು ಪುಡಿ ಬೇಕಿಲ್ಲ. ಒಣಗಿದರೂ ಆ ಬೆಳ್ಳಿ ಉಳಿಯುತ್ತದೆ. ಜೊತೆಗೆ ಜಕರಂಡದ ಒಣ ಕಾಯಿ, ಅಂಗೈಯಗಲದ ಚಪ್ಪಟೆ ಬಿಲ್ಲೆ, ಎರಡು ಹೋಳಾಗಿ ಬಾಯಿ ತೆರೆದಿರುತ್ತದೆ. ಸರ್ವೆ ಮರದ ಪುಟ್ಟ ಕಾಯಿಗಳು ಬೆರಳ ತುದಿಯಷ್ಟೇ ಇದ್ದು ಗೊಂಚಲು ಕಟ್ಟಲು ಹೇಳಿ ಮಾಡಿಸಿದಂತಿವೆ. ಇವನ್ನು ಕಾಯಿ ಎಂದೇ ಕರೆಯೋಣ, ಮಕ್ಕಳಿಗೆ ಹಾಗೆಯೇ ಗೊತ್ತು. ಒಂದು ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಬೀದಿ ಸುತ್ತಿ ಬನ್ನಿ. ಕೆಳಗೆ ಬಿದ್ದದ್ದನ್ನು ಮಾತ್ರ ಆಯಿರಿ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಲ್ಲಿ ಕೊಂಬೆ ಮುರಿಯಬೇಡಿ, ಮಕ್ಕಳ ಎದುರಿಗಂತೂ ಬೇಡ.

ಮರ ಬೇಕೇಬೇಕು ಎಂದಿದ್ದರೆ ಕುಂಡದಲ್ಲಿ ಅರೌಕೇರಿಯಾ ಸಾಕಿ. ನರ್ಸರಿಯವರು ಕ್ರಿಸ್‌ಮಸ್ ಮರ ಎಂದು ಕೊಡುವುದು ಅದನ್ನೇ. ನಮ್ಮದು ಆರನೇ ಹಬ್ಬ ಕಾಣುತ್ತಿದೆ. ಒಂದು ಎಚ್ಚರಿಕೆ: ಅದರ ನೆತ್ತಿಯ ಕುಡಿಗೆ ನಕ್ಷತ್ರ ಸಿಕ್ಕಿಸಬೇಡಿ. ಕುಡಿ ಮುರಿದರೆ ಆ ಗಿಡ ಮತ್ತೆ ಆ ಗೋಪುರದ ಆಕಾರಕ್ಕೆ ಬರುವುದಿಲ್ಲ. ಪಕ್ಕದಲ್ಲಿ ಒಂದು ಕೋಲು ನೆಟ್ಟು ಅದಕ್ಕೆ ಕಟ್ಟಿ. ಕುಂಡದಿಂದ ತೆಗೆದು ಮನೆಯ ಗೋಡೆಯ ಪಕ್ಕ ನೆಡುವ ಯೋಚನೆಯೂ ಬೇಡ, ಅದು ತೆಂಗಿನ ಮರವನ್ನೂ ಮೀರಿ ಬೆಳೆಯುವ ಜಾತಿ.

ಫ್ರೇಜರ್ ಟೌನ್ ಅಡುಗೆಮನೆ
ಡಿಸೆಂಬರ್ 4, ರಾತ್ರಿ 7:56

ಹಬ್ಬದ ಸಿಹಿತಿಂಡಿ ಕುಲ್‌ಕುಲ್ ಹೊಸೆಯಲು ಎಲ್ಲರೂ ಮೇಜಿನ ಸುತ್ತ ಕೂತಿರುತ್ತೀರಲ್ಲ, ಅದೇ ದಿನ ಉಪ್ಪು ಹಿಟ್ಟಿನ ಬಿಲ್ಲೆಗಳನ್ನೂ ಮಾಡಿ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಒಂದು ಬಟ್ಟಲಿನಷ್ಟು ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಅರ್ಧ ಬೆರಳು ದಪ್ಪಕ್ಕೆ ಲಟ್ಟಿಸಿ, ಲೋಟದಿಂದ ಒತ್ತಿ, ದಾರಕ್ಕೆ ತೂತು ಮಾಡಿ. ಓವನ್ ಇದ್ದರೆ 110 ಡಿಗ್ರಿಯಲ್ಲಿ ಎರಡು ಮೂರು ಗಂಟೆ. ಇಲ್ಲದಿದ್ದರೆ ತಾರಸಿಯ ಬಿಸಿಲು, ನಾಲ್ಕೈದು ದಿನ, ಎರಡೂ ಮಗ್ಗುಲು ತಿರುವುತ್ತಾ. ಇರುವೆ ಬರುವುದಿಲ್ಲ, ಆದರೆ ಮೋಡದ ದಿನ ಉಪ್ಪು ನೀರು ಎಳೆದು ಮೆತ್ತಗಾಗುತ್ತದೆ. ಬಣ್ಣದ ಮೇಲೆ ಒಂದು ಕೈ ವಾರ್ನಿಷ್ ಬಳಿದರೆ ಮುಂದಿನ ವರ್ಷಕ್ಕೂ ಉಳಿಯುತ್ತದೆ.

ನಾಯಿ ಇರುವ ಮನೆಯವರು ಇದನ್ನು ಕೈಗೆಟುಕದ ಎತ್ತರದಲ್ಲಿ ಕಟ್ಟಿ. ಅಷ್ಟು ಉಪ್ಪು ತಿಂದರೆ ನಾಯಿಯ ಪ್ರಾಣಕ್ಕೇ ಅಪಾಯ.

ರಟ್ಟು ಕಟ್ಟುವವರ ಮಗಳು
ಡಿಸೆಂಬರ್ 5, ಬೆಳಿಗ್ಗೆ 8:30

ಥರ್ಮೊಕೋಲ್ ಬಗ್ಗೆ ಯಾರೂ ಎತ್ತಲಿಲ್ಲ, ಒಳ್ಳೆಯದೇ ಆಯಿತು. ಅಲಂಕಾರದ ಥರ್ಮೊಕೋಲ್ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಾಗಿದೆ. ಗೋದಲಿಯ ಗುಡ್ಡಕ್ಕೆ ಹಳೆಯ ಪತ್ರಿಕೆಯನ್ನು ಮೈದಾ ಅಂಟಿನಲ್ಲಿ ಅದ್ದಿ, ತಿರುಗಿಸಿಟ್ಟ ಬುಟ್ಟಿಯ ಮೇಲೆ ನಾಲ್ಕು ಪದರ ಹೊದಿಸಿ. ಒಣಗಿದರೆ ಕಲ್ಲಿನಂತೆ ಗಟ್ಟಿ.

ಹಡ್ಸನ್ ವೃತ್ತದ ಹಾದಿ
ಡಿಸೆಂಬರ್ 6, ರಾತ್ರಿ 9:12

ಆಗಮನ ಕಾಲದ ನಾಲ್ಕು ಮೇಣದಬತ್ತಿಯ ಮಾಲೆಯನ್ನು ಯಾರೂ ಹೇಳಲಿಲ್ಲ. 1839ರಲ್ಲಿ ಹ್ಯಾಂಬರ್ಗ್‌ನ ಸಭಾಪಾಲಕ ಯೋಹಾನ್ ವಿಖರ್ನ್ ಅವರು, ತಮ್ಮ ಆಶ್ರಮದ ಮಕ್ಕಳು ಹಬ್ಬ ಯಾವಾಗ ಎಂದು ದಿನವೂ ಕೇಳುತ್ತಿದ್ದುದರಿಂದ, ಒಂದು ಗಾಡಿಯ ಚಕ್ರಕ್ಕೆ ಮೇಣದಬತ್ತಿ ಸಿಕ್ಕಿಸಿ ದಿನಕ್ಕೊಂದು ಹಚ್ಚಿದರು, ಅಲ್ಲಿಂದ ಬಂದದ್ದು. ನಾವು ತೆಂಗಿನ ನಾಲ್ಕು ಕರಟಗಳನ್ನು ತಟ್ಟೆಯಲ್ಲಿಟ್ಟು, ಒಳಗೆ ಮರಳು ತುಂಬಿ, ಮೇಣದಬತ್ತಿ ನಿಲ್ಲಿಸುತ್ತೇವೆ. ಮೂರು ನೇರಳೆ, ಒಂದು ಗುಲಾಬಿ, ಭಾನುವಾರಕ್ಕೊಂದು ಹಚ್ಚುವುದು. ಗುಲಾಬಿ ಬತ್ತಿಯ ಸರದಿ ಮೂರನೇ ಭಾನುವಾರ. ಎಷ್ಟು ದಿನ ಉಳಿಯಿತೆಂದು ಮಕ್ಕಳು ಲೆಕ್ಕ ಹಾಕುವುದಕ್ಕೆ ಇದಕ್ಕಿಂತ ಚೆಂದದ ಕ್ಯಾಲೆಂಡರ್ ಇಲ್ಲ.

ಲಿಂಗರಾಜಪುರದ ತಾಯಿ
ಡಿಸೆಂಬರ್ 14, ರಾತ್ರಿ 10:25

ಎರಡು ವಾರದ ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ನಕ್ಷತ್ರ ಮುರಿಯಿತು. ಊರುಗೋಲು ನಿಲ್ಲಿಸುವಾಗ ಮೂರನೆಯದಕ್ಕೆ ಒಂದು ದಬ್ಬೆ ಟಣ್ಣೆಂದು ಸೀಳಿತು. ನೋಡಿದರೆ ಸರಿಯಾಗಿ ಗಿಣ್ಣಿನಲ್ಲಿ. ಮಗಳು ಅತ್ತಳು, ಏಕೆಂದರೆ ಅದೇ ದಬ್ಬೆಯ ಮೇಲೆ ತನ್ನ ಹೆಸರು ಬರೆದಿದ್ದಳು. ಯಜಮಾನರು ಹೊಸ ದಬ್ಬೆಯನ್ನು ಅವಳ ಕೈಗೇ ಕೊಟ್ಟು ಕಾದರು. ಅವಳು ಮತ್ತೆ 23 ಅಳೆದಳು, ಈ ಕಡೆಯಿಂದ, ಆ ಕಡೆಯಿಂದ, ನಡುವಿನ 14 ಸರಿ ಬಂತೇ ಎಂದು ಒಂದು ಸಲ. ಶಿಕ್ಷಕರೇ, ನೀವು ಹೇಳಿದ ಮುಖವನ್ನು ನಾನು ಆಗ ಕಂಡೆ. ಎರಡನೇ ಸಲ ನಕ್ಷತ್ರ ಎದ್ದು ನಿಂತಾಗ ರಾತ್ರಿ ಹತ್ತೂವರೆ, ಯಾರೂ ಊಟ ಮಾಡಿರಲಿಲ್ಲ.

ಅತ್ತೆಯ ವಿಷಯ. ಮಗನೂ ನಾನೂ ಒಂದು ಚೀಲ ಸಿಲ್ವರ್ ಓಕ್ ಎಲೆ ಆಯ್ದು ತಂದೆವು. ನಾರನ್ನು ನೀರಿನಲ್ಲಿ ಅದ್ದಿ ಅವರ ಮಡಿಲಿಗೆ ಇಟ್ಟೆ. ಒಂದು ಎಲೆಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಎರಡೂ ಮಗ್ಗುಲು ಸವರಿದರು. "ಇದು ಬೆಳ್ಳಿ ಕಡೆ, ನುಣುಪಾಗಿದೆ" ಎಂದರು. ಅಲ್ಲಿಂದ ನಿಲ್ಲಲಿಲ್ಲ. ಎಲೆ ಎರಡು ಈ ಕಡೆ, ಎರಡು ಆ ಕಡೆ, ನಾರು ಸುತ್ತಿ, ಬೆರಳಿಗೆ ಕುಣಿಕೆ, ಎಳೆದರೆ ಗಂಟು. ಬೆಳ್ಳಿ ಮಗ್ಗುಲೇ ಹೊರಗೆ, ಒಂದೂ ತಪ್ಪಿಲ್ಲ. ಮಗ ಎದುರಿಗೆ ಕುಳಿತು ಎಲೆಗಳನ್ನು ನಾಲ್ಕು ನಾಲ್ಕಾಗಿ ಎಣಿಸಿ ಕೊಡುತ್ತಿದ್ದ. ನಡುವೆ ನಡುವೆ ಸರ್ವೆ ಕಾಯಿಯ ಗೊಂಚಲು. ಒಂದೂವರೆ ಗಂಟೆಯಲ್ಲಿ ಎಂಟು ಮೊಳ. ತವರಿನ ಮಲ್ಲಿಗೆ ಬಳ್ಳಿ, ಅವರ ತಂದೆ ಸೈಕಲ್ಲಿನಲ್ಲಿ ಹೂ ಕೊಟ್ಟು ಬರುತ್ತಿದ್ದದ್ದು, ಹಬ್ಬದ ಹಿಂದಿನ ದಿನ ದೇವಾಲಯದ ಪೀಠಕ್ಕೆ ತಾವು ಕಟ್ಟಿದ ಮಾಲೆ ಏರುತ್ತಿದ್ದದ್ದು, ಎಲ್ಲವನ್ನೂ ಹೇಳಿದರು. ಹನ್ನೊಂದು ವರ್ಷದಿಂದ ಈ ಮನೆಯಲ್ಲಿದ್ದೇನೆ, ಇದು ನನಗೆ ಗೊತ್ತೇ ಇರಲಿಲ್ಲ.

ರಾಗಿಯನ್ನು ನಿನ್ನೆ ಬಿತ್ತಿದ್ದೇವೆ. ಮಗ ಈಗಾಗಲೇ ಆರು ಸಲ ಮಣ್ಣು ಕೆದಕಿ ನೋಡಿದ್ದಾನೆ.

ಬಿದಿರ ದಬ್ಬೆ
ಡಿಸೆಂಬರ್ 15, ಬೆಳಿಗ್ಗೆ 6:05

ಮುರಿದ ದಬ್ಬೆಯನ್ನು ಎಸೆಯಬೇಡಿ. ಹೆಸರಿರುವ ತುಂಡನ್ನು ಕತ್ತರಿಸಿ ಐದು ಊರುಗೋಲುಗಳಲ್ಲಿ ಒಂದನ್ನಾಗಿ ಹಾಕಿ. ಅಳತೆ 10 ಸೆಂಟಿಮೀಟರ್, ಅವಳಿಗೇ ಹೇಳಿ.

ಹಲಸೂರಿನ ಓದುಗಳು
ಡಿಸೆಂಬರ್ 20, ಸಂಜೆ 6:40

ಪಾಟರಿ ಟೌನ್‌ಗೆ ಹೋಗಿದ್ದೆ. ಒಂದು ಕಿಲೋ ಮಣ್ಣು ತಂದೆ. ಕುರಿ ಒಣಗುತ್ತಿದೆ, ಕಾಲು ನಾಲ್ಕೂ ಬೇರೆ ಬೇರೆ ದಪ್ಪ, ನಿಂತಿದೆ. ಈ ಸಲ ಅದು ಮುಂದೆಯೇ ಇರುತ್ತದೆ.

ಲಿಂಗರಾಜಪುರದ ತಾಯಿ
ಡಿಸೆಂಬರ್ 24, ಸಂಜೆ 7:18

ಬಲಿಪೂಜೆಗೆ ಹೊರಡುವ ಮುಂಚೆ ಎರಡು ಸಾಲು. ನಕ್ಷತ್ರ ಬಾಲ್ಕನಿಯಲ್ಲಿ ಉರಿಯುತ್ತಿದೆ, ಮಗಳ ಹೆಸರಿನ ತುಂಡು ಒಳಗಿದೆ, ದೀಪ ಹಚ್ಚಿದಾಗ ಕಾಗದದ ಮೇಲೆ ಅದರ ನೆರಳು ಬೀಳುತ್ತದೆ. ತೋರಣ ಬಾಗಿಲಿಗೆ. ಕೆಳಗಿನ ಮನೆಯವರು ತಮ್ಮ ದಸರೆಯ ಹಸು ಕರುಗಳನ್ನು ತಾವೇ ತಂದಿಟ್ಟು ಹೋದರು. ಒಟ್ಟು ಖರ್ಚು 430 ರೂಪಾಯಿ, ಅದರಲ್ಲಿ ಬಲ್ಬಿನದೇ ಹೆಚ್ಚು. ರಾಗಿ ಒಂದು ಮೂಲೆಯಲ್ಲಿ ಬಂದಿಲ್ಲ, ಮಗ ಕೆದಕಿದ ಕಡೆ. ಆ ಮೂಲೆಗೆ ಬಾವಿ ಇಟ್ಟಿದ್ದೇವೆ. ತೊಟ್ಟಿ ಖಾಲಿಯಾಗಿದೆ, ಶಿಶು ಅವನ ಅಂಗಿಯ ಜೇಬಿನಲ್ಲಿದೆ, ಕೊಡು ಎಂದರೂ ಕೊಡುತ್ತಿಲ್ಲ.

ಸರಪಳಿಯಲ್ಲಿ ಈ ಸಲ ಏಳು ಕೆಂಪು ಬಳೆಗಳು ಒಟ್ಟಿಗೆ ಬಂದಿವೆ. ಬಾಗಿಲ ಮೇಲೆಯೇ ಕಟ್ಟಿದ್ದೇವೆ. ಬಸ್ಸೇ ಎಂದು ಕೇಳಿದೆ. ಅಲ್ಲ, ಮೆಟ್ರೊ ಎಂದ.

ಬಸವನಗುಡಿಯ ಗೊಂಬೆ ಮನೆ
ಡಿಸೆಂಬರ್ 24, ರಾತ್ರಿ 8:01

ಹಬ್ಬದ ಶುಭಾಶಯಗಳು ತಾಯಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಜನವರಿ 6ರ ಮೂವರು ಜ್ಞಾನಿಗಳ ಹಬ್ಬದವರೆಗೂ ತೋರಣ ಇರಲಿ, ಆ ಎಲೆ ಬಾಡುವುದಿಲ್ಲ.